ಆವರ್ತನೆಯೂ ಚರಿತ್ರೆಯೂ: ಆರು ರಾಷ್ಟ್ರಗಳ ಮಹಿಳಾ ರಗ್ಬಿ ಪಂದ್ಯಾವಳಿ ಮತ್ತು ಬೆಂಗಳೂರಿನ ಮಹಿಳಾ ಕ್ರಿಕೆಟ್ಟು

1

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ನೆಲೆಸಿರುವವರಿಗೆ ಕಡಲೆಕಾಯಿ ಪರಿಷೆಯನ್ನು ಕುರಿತು ವಿವರಿಸಬೇಕಾದ ಅವಶ್ಯಕತೆಯಿಲ್ಲ. ಕಾರ್ತಿಕ ಮಾಸದ ಕಡೆಯ ಸೋಮವಾರ ಸಮೀಪಿಸಿತೆಂದರೆ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಮುಂದಿನ ಬೀದಿಯಲ್ಲಿ ಕಡಲೆಕಾಯಿಯ ರಾಶಿಗಳು ಏಳುತ್ತವೆ. ಜಯನಗರ, ಬನಶಂಕರಿ, ಜೆ.ಪಿ. ನಗರಗಳಿಂದ ಜನರು ಮಕ್ಕಳ ಕೈಹಿಡಿದು ಹೊರಡುತ್ತಾರೆ. ‘ಈ ವರ್ಷ ಪರಿಷೆಯುಂಟೋ ಇಲ್ಲವೋ’ ಎಂದು ಕೇಳುವವರನ್ನು ನಾವು ಕಂಡಿಲ್ಲ. ಮದುವೆಯ ಚಪ್ಪರ ಎಷ್ಟೇ ವೈಭವದಿಂದ ಕೂಡಿದ್ದರೂ ಮೂರನೆಯ ದಿನ ಬಿಚ್ಚಿಹೋಗುತ್ತದೆ. ಪರಿಷೆಯಾದರೋ ಸಾಮಾನ್ಯವಾದುದಾದರೂ ಮರಳಿ ಬರುತ್ತದೆ. ಮರಳಿ ಬರುವುದರಿಂದಲೇ ಅದು ಸಂಸ್ಥೆಯಾಗಿದೆ. ಜನರ ನೆನಪಿನಲ್ಲಿ ನಿಂತಿದೆ.

ಈ ಸಾಮಾನ್ಯ ಸಂಗತಿಯಲ್ಲಿ ಚರಿತ್ರೆಯ ಅಭ್ಯಾಸಿಗಳಿಗೆ ಉಪಯುಕ್ತವಾದ ಒಂದು ತತ್ತ್ವ ಅಡಗಿದೆಯೆಂದು ನಮ್ಮ ಅಭಿಪ್ರಾಯ. ಯಾವುದೇ ಸಾಮಾಜಿಕ ಚಟುವಟಿಕೆ ಚರಿತ್ರೆಯಾಗಿ ಉಳಿಯಬೇಕಾದರೆ ಅದರ ಮಹತ್ತ್ವವೊಂದೇ ಸಾಲದು. ಅದರ ಆವರ್ತನೆಯೂ ನಿಶ್ಚಿತವಾಗಿರಬೇಕು. ಈ ತತ್ತ್ವವನ್ನು ಪ್ರಸ್ತುತ ಲೇಖನದಲ್ಲಿ ಎರಡು ನಿದರ್ಶನಗಳ ಮೂಲಕ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಒಂದು, ಯೂರೋಪಿನಲ್ಲಿ ಪ್ರತಿವರ್ಷವೂ ನಡೆಯುವ ಆರು ರಾಷ್ಟ್ರಗಳ ಮಹಿಳಾ ರಗ್ಬಿ ಪಂದ್ಯಾವಳಿ. ಎರಡನೆಯದು, ನಮ್ಮ ನಗರದಲ್ಲಿಯೇ ಅಂತರರಾಷ್ಟ್ರೀಯ ಸ್ವರೂಪವನ್ನು ಪಡೆದ ಮಹಿಳಾ ಕ್ರಿಕೆಟ್ಟು. ಮೊದಲನೆಯದು ದೂರದ್ದು, ಎರಡನೆಯದು ಮನೆಯಂಗಳದ್ದು. ಆದರೂ ನಮ್ಮ ವಿದ್ಯಾರ್ಥಿಗಳು ಎರಡನ್ನೂ ಸರಿಸಮನಾಗಿ ಅರಿಯದವರಾಗಿದ್ದಾರೆ ಎಂಬುದೇ ಈ ಲೇಖನಕ್ಕೆ ಪ್ರೇರಣೆ.

ಆ ಪ್ರೇರಣೆಯ ಸಂದರ್ಭವನ್ನು ಸಂಕ್ಷೇಪವಾಗಿ ಹೇಳುವುದು ಅನುಚಿತವಾಗಲಾರದು. ಆಧುನಿಕ ಕರ್ಣಾಟಕದ ಚರಿತ್ರೆಯನ್ನು ಬೋಧಿಸುತ್ತಿದ್ದಾಗ, 1976ನೆಯ ಇಸವಿಯಲ್ಲಿ ಬೆಂಗಳೂರಿನಲ್ಲಿ ನಡೆದ ಗಣನೀಯ ಘಟನೆಗಳನ್ನು ಪಟ್ಟಿಮಾಡುವಂತೆ ತರಗತಿಯನ್ನು ಕೇಳಿದೆವು. ರಾಜಕೀಯಕ್ಕೆ ಸಂಬಂಧಿಸಿದ ಉತ್ತರಗಳು ಬಂದುವು. ಆ ವರ್ಷ ಭಾರತದ ಮಹಿಳೆಯರು ತಮ್ಮ ಮೊಟ್ಟಮೊದಲ ಟೆಸ್ಟ್ ಪಂದ್ಯವನ್ನು ಇದೇ ನಗರದಲ್ಲಿ ಆಡಿದರೆಂಬುದನ್ನು ಅರುವತ್ತು ಮಂದಿಯಲ್ಲಿ ಒಬ್ಬರೂ ಹೇಳಲಿಲ್ಲ. ನಾವು ತಿಳಿಸಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, “ಆ ಪಂದ್ಯಕ್ಕೆ ಮೊದಲು ನಮ್ಮ ಊರಿನ ಹುಡುಗಿಯರು ಎಲ್ಲಿ ಆಡುತ್ತಿದ್ದರು, ಗುರುಗಳೆ? ಅದನ್ನು ಬರೆದಿಟ್ಟವರು ಯಾರು?” ಎಂದು ಕೇಳಿದಳು. ಚರಿತ್ರೆಯನ್ನು ಬೋಧಿಸುವವರಿಗೆ ಇದಕ್ಕಿಂತ ನ್ಯಾಯವಾದ ಪ್ರಶ್ನೆ ಮತ್ತೊಂದಿಲ್ಲ. ನಮ್ಮಲ್ಲಿ ತೃಪ್ತಿಕರವಾದ ಉತ್ತರವಿರಲಿಲ್ಲ.

2

ರಗ್ಬಿ ನಮ್ಮ ವಾಚಕರಲ್ಲಿ ಅನೇಕರಿಗೆ ಅಪರಿಚಿತವಾದ ಆಟವಾದುದರಿಂದ ಅದರ ಸ್ವರೂಪವನ್ನು ಮೊದಲು ತಿಳಿಸಬೇಕು. ರಗ್ಬಿ ಯೂನಿಯನ್ ಎಂಬ ಪ್ರಭೇದದಲ್ಲಿ ಒಂದೊಂದು ತಂಡಕ್ಕೆ 15 ಮಂದಿ. ಆಟದ ಅವಧಿ 80 ನಿಮಿಷ. ಚೆಂಡು ಅಂಡಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಕಾಲಿನಿಂದ ಒದೆಯಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯಕೂಡದು. ಜೊತೆಗಾರ್ತಿಗೆ ಚೆಂಡನ್ನು ಕೈಯಿಂದ ಕೊಡುವುದಾದರೆ ಪಕ್ಕಕ್ಕೆ ಅಥವಾ ಹಿಂದಕ್ಕೇ ಕೊಡಬೇಕು. ಮುಂದೆ ಸಾಗಬೇಕಾದವರು ಚೆಂಡನ್ನು ಹಿಂದಕ್ಕೆ ಕೊಡಬೇಕೆಂಬ ಈ ನಿಯಮವೇ ಆಟದ ತಿರುಳು. ಚೆಂಡನ್ನು ಹಿಡಿದವಳನ್ನು ಎದುರಾಳಿಗಳು ಹಿಡಿದು ಕೆಡಹಬಹುದು. ಕಬಡ್ಡಿಯಲ್ಲಿ ದಾಳಿಗೆ ಬಂದವಳನ್ನು ಹಿಡಿಯುವ ದೃಶ್ಯವನ್ನು ಕಂಡವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಎದುರಾಳಿಯ ಗೆರೆಯ ಆಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ‘ಟ್ರೈ’. ಅದಕ್ಕೆ 5 ಅಂಕ. ಆನಂತರ ಕಂಬಗಳ ನಡುವೆ ಒದ್ದರೆ ಇನ್ನೂ 2 ಅಂಕ. ತಪ್ಪಿಗೆ ದೊರೆತ ಒದೆತ ಕಂಬಗಳ ನಡುವೆ ಹೋದರೆ 3 ಅಂಕ.

ಈ ಆಟದ ಚರಿತ್ರೆಯಲ್ಲಿ ಭಾರತದ ಬೆಳ್ಳಿಯೂ ಸೇರಿಕೊಂಡಿದೆ ಎಂಬುದು ಸ್ವಾರಸ್ಯಕರವಾದ ಸಂಗತಿ. ಕಲ್ಕತ್ತೆಯಲ್ಲಿದ್ದ ಆಂಗ್ಲರು 1873ರಲ್ಲಿ ಅಲ್ಲಿ ಒಂದು ಕ್ಲಬ್ಬನ್ನು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದು ಕ್ಷೀಣಿಸಿತು. ಕ್ಲಬ್ಬನ್ನು ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು 270 ಬೆಳ್ಳಿಯ ರೂಪಾಯಿಗಳಾಗಿ ತೆಗೆದು, ಅವನ್ನು ಕರಗಿಸಿ ಒಂದು ಪಾತ್ರೆಯನ್ನು ಮಾಡಿಸಿ 1878ರಲ್ಲಿ ಇಂಗ್ಲೆಂಡಿನ ರಗ್ಬಿ ಸಂಸ್ಥೆಗೆ ಒಪ್ಪಿಸಿದರು. ಮೂರು ಹಿಡಿಗಳು ನಾಗರಹಾವಿನ ಆಕಾರದವು. ಮುಚ್ಚಳದ ಮೇಲೆ ಆನೆ. ‘ಕಲ್ಕತ್ತ ಕಪ್’ ಎಂಬ ಹೆಸರಿನ ಈ ಪಾತ್ರೆಗಾಗಿ ಇಂಗ್ಲೆಂಡಿನ ಮತ್ತು ಸ್ಕಾಟ್ಲೆಂಡಿನ ಪುರುಷರ ತಂಡಗಳು 1879ರಿಂದ ಸ್ಪರ್ಧಿಸುತ್ತ ಬಂದಿವೆ. ಕಲ್ಕತ್ತೆಯ ಕ್ಲಬ್ಬು ಅಳಿಯಿತು, ಪಾತ್ರೆ ಉಳಿಯಿತು. ಉಳಿದುದಕ್ಕೆ ಬೆಳ್ಳಿಯ ಬೆಲೆ ಕಾರಣವಲ್ಲ. ವರ್ಷವರ್ಷವೂ ಅದನ್ನು ಹೊರಗೆ ತೆಗೆಯಲು ಒಂದು ಪಂದ್ಯವಿದ್ದುದೇ ಕಾರಣ.

ಪುರುಷರ ಈ ವಾರ್ಷಿಕ ಪಂದ್ಯಾವಳಿ 1883ರಲ್ಲಿ ಇಂಗ್ಲೆಂಡು, ಸ್ಕಾಟ್ಲೆಂಡು, ಐರ್ಲೆಂಡು, ವೇಲ್ಸ್ ಎಂಬ ನಾಲ್ಕು ನಾಡುಗಳ ನಡುವೆ ಆರಂಭವಾಯಿತು. ಮುಂದೆ 1910ರಲ್ಲಿ ಫ್ರಾನ್ಸೂ, 2000ದಲ್ಲಿ ಇಟಲಿಯೂ ಸೇರಿದುವು. ಮಹಿಳೆಯರು ಇದೇ ಮಾರ್ಗವನ್ನು ಹಿಡಿಯಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

3

ಮಹಿಳಾ ರಗ್ಬಿಯ ಮೊದಲ ಅಂತರರಾಷ್ಟ್ರೀಯ ಪಂದ್ಯ 1982ರಲ್ಲಿ ನೆದರ್ಲೆಂಡ್ಸ್ ಮತ್ತು ಫ್ರಾನ್ಸ್ ನಡುವೆ ಉಟ್ರೆಕ್ಟ್ ನಗರದಲ್ಲಿ ನಡೆಯಿತು; ಫ್ರಾನ್ಸ್ 4–0 ಅಂತರದಿಂದ ಗೆದ್ದಿತು. ಮರುವರ್ಷ, ಎಂದರೆ 1983ರಲ್ಲಿ, ಬ್ರಿಟನ್ನಿನ ಆಟಗಾರ್ತಿಯರು ತಮ್ಮದೇ ಆದ ಪ್ರತ್ಯೇಕ ಸಂಸ್ಥೆಯೊಂದನ್ನು ಕಟ್ಟಿಕೊಂಡರು.

1991ರಲ್ಲಿ ಲಂಡನ್ನಿನ ರಿಚ್ಮಂಡ್ ಕ್ಲಬ್ಬಿಗೆ ಸೇರಿದ ಡೆಬೊರಾ ಗ್ರಿಫಿನ್, ಸ್ಯೂ ಡಾರಿಂಗ್ಟನ್, ಆಲಿಸ್ ಕೂಪರ್, ಮೇರಿ ಫಾರ್ಸೈತ್ ಎಂಬ ನಾಲ್ವರು ಮಹಿಳೆಯರು ವೇಲ್ಸ್‌ನಲ್ಲಿ ಮೊದಲ ಮಹಿಳಾ ವಿಶ್ವಕಪ್ಪನ್ನು ಏರ್ಪಡಿಸಿದರು. ರಗ್ಬಿಯ ಅಂತರರಾಷ್ಟ್ರೀಯ ಮಂಡಲಿ ಅದಕ್ಕೆ ಮನ್ನಣೆಯನ್ನೀಯಲಿಲ್ಲ. ಆದರೂ 12 ತಂಡಗಳು ಬಂದುವು. ಕೈಯಲ್ಲಿ ಹಣವಿಲ್ಲದ ಸೋವಿಯತ್ ತಂಡದವರು ತಮ್ಮ ನಾಡಿನಿಂದ ತಂದಿದ್ದ ವೋಡ್ಕ ಮದ್ಯವನ್ನೂ ಇತರ ವಸ್ತುಗಳನ್ನೂ ಮಾರಿ ಖರ್ಚನ್ನು ತೂಗಿಸಲು ಯತ್ನಿಸಿದರು. ಕಡೆಯ ಪಂದ್ಯ ಕಾರ್ಡಿಫ್‌ನಲ್ಲಿ ನಡೆದು ಅಮೆರಿಕ ಸಂಯುಕ್ತ ಸಂಸ್ಥಾನದ ತಂಡ ಇಂಗ್ಲೆಂಡನ್ನು 19–6ರಿಂದ ಸೋಲಿಸಿತು. 1994ರ ಎರಡನೆಯ ವಿಶ್ವಕಪ್ಪು ನೆದರ್ಲೆಂಡ್ಸ್‌ನಲ್ಲಿ ನಡೆಯಬೇಕಾಗಿದ್ದಿತು. ಮಂಡಲಿಯ ಮನ್ನಣೆಯಿಲ್ಲವೆಂಬ ಕಾರಣದಿಂದ ಅದು ಅಲ್ಲಿ ನಿಂತುಹೋಗಲು, ಸ್ಕಾಟ್ಲೆಂಡಿನವರು ಅಲ್ಪಕಾಲದಲ್ಲಿಯೇ ಏರ್ಪಾಡು ಮಾಡಿ ಎಡಿನ್‌ಬರೋದಲ್ಲಿ ನಡೆಸಿಕೊಟ್ಟರು. ಆ ಸಲ ಇಂಗ್ಲೆಂಡ್ ಅಮೆರಿಕವನ್ನು 38–23ರಿಂದ ಗೆದ್ದಿತು.

ವಿಶ್ವಕಪ್ಪು ವೈಭವದ್ದು, ಆದರೆ ಅಪರೂಪದ್ದು. ಮೂರು ನಾಲ್ಕು ವರ್ಷಗಳಿಗೊಮ್ಮೆ ಒದಗುವ ಪಂದ್ಯಗಳನ್ನು ನೆಚ್ಚಿಕೊಂಡು ಆಟಗಾರ್ತಿ ತನ್ನ ಅಭ್ಯಾಸವನ್ನಾಗಲಿ, ಉದ್ಯೋಗದ ರಜೆಯನ್ನಾಗಲಿ ಗೊತ್ತುಮಾಡಿಕೊಳ್ಳಲಾರಳು. ಇಂಗ್ಲೆಂಡು, ಸ್ಕಾಟ್ಲೆಂಡು, ಐರ್ಲೆಂಡು, ವೇಲ್ಸ್‌ಗಳ ಮಹಿಳೆಯರ ವಾರ್ಷಿಕ ಪಂದ್ಯಾವಳಿ 1996ರಲ್ಲಿ ಪ್ರಾರಂಭವಾದುದು ಈ ಕೊರತೆಯನ್ನು ನೀಗಿಸಿತು. ಫ್ರಾನ್ಸ್ 1999ರಲ್ಲಿ ಸೇರಿ ತಂಡಗಳು ಐದಾದುವು. 2000 ಮತ್ತು 2001ರಲ್ಲಿ ಐರ್ಲೆಂಡಿನ ಸ್ಥಾನದಲ್ಲಿ ಸ್ಪೇನ್ ಆಡಿತು. 2002ರಲ್ಲಿ ಐರ್ಲೆಂಡ್ ಹಿಂದಿರುಗಿದುದರಿಂದ ಪಂದ್ಯಾವಳಿ ಆರು ರಾಷ್ಟ್ರಗಳದಾಯಿತು.

ಪಂದ್ಯಾವಳಿಯ ಕ್ರಮ ಸರಳವಾದುದು. ಆರು ತಂಡಗಳಲ್ಲಿ ಪ್ರತಿಯೊಂದೂ ಉಳಿದ ಐದರೊಡನೆ ಒಮ್ಮೊಮ್ಮೆ ಆಡುತ್ತದೆ. ಒಟ್ಟು 15 ಪಂದ್ಯಗಳು. ಒಂದು ವರ್ಷ ತವರಿನಲ್ಲಿ ಆಡಿದ ಪಂದ್ಯವನ್ನು ಮರುವರ್ಷ ಎದುರಾಳಿಯ ನಾಡಿನಲ್ಲಿ ಆಡಬೇಕು. 2017ರಿಂದ ರೂಢಿಯಲ್ಲಿರುವ ಎಣಿಕೆಯಂತೆ ಗೆಲುವಿಗೆ 4, ಸಮಕ್ಕೆ 2 ಅಂಕಗಳು; ನಾಲ್ಕು ಅಥವಾ ಹೆಚ್ಚು ಟ್ರೈಗಳನ್ನು ಸಾಧಿಸಿದರೆ ಒಂದು ಹೆಚ್ಚಿನ ಅಂಕ; 7 ಅಥವಾ ಕಡಿಮೆ ಅಂಕಗಳ ಅಂತರದಿಂದ ಸೋತರೂ ಒಂದು ಅಂಕ. ಐದು ಪಂದ್ಯಗಳನ್ನೂ ಗೆಲ್ಲುವುದಕ್ಕೆ ‘ಗ್ರಾಂಡ್ ಸ್ಲಾಂ’ ಎಂದು ಹೆಸರು. ಅದಕ್ಕೆ ಇನ್ನೂ 3 ಅಂಕಗಳುಂಟು. ಸೋತವಳಿಗೂ ಮುಂದಿನ ವರ್ಷದ ಪಂದ್ಯ ಎಂದು, ಯಾರೊಡನೆ, ಯಾವ ನಾಡಿನಲ್ಲಿ ಎಂಬುದು ಈಗಲೇ ತಿಳಿದಿರುವುದು ಈ ಏರ್ಪಾಡಿನ ಅತ್ಯಂತ ಮುಖ್ಯವಾದ ಗುಣ.

4

ಆವರ್ತನೆಯ ಫಲ ತಕ್ಷಣ ಕಾಣುವಂಥದಲ್ಲ. ಐರ್ಲೆಂಡಿನ ನಿದರ್ಶನವನ್ನು ತೆಗೆದುಕೊಳ್ಳೋಣ. ಪಂದ್ಯಾವಳಿಯಿಂದ ಹೊರಗುಳಿದಿದ್ದ ಆ ತಂಡ 2002ರಲ್ಲಿ ಹಿಂದಿರುಗಿತು. ಹನ್ನೊಂದು ವರ್ಷಗಳ ಮೇಲೆ, 2013ರಲ್ಲಿ, ಐದೂ ಪಂದ್ಯಗಳನ್ನು ಗೆದ್ದು ಪ್ರಥಮ ಸ್ಥಾನವನ್ನು ಪಡೆಯಿತು. 2014ರ ವಿಶ್ವಕಪ್ಪಿನಲ್ಲಿ ಬಲಿಷ್ಠವಾದ ನ್ಯೂಜಿಲೆಂಡನ್ನು 17–14ರಿಂದ ಸೋಲಿಸಿತು. ನಡುವಣ ಸೋಲುಗಳೆಲ್ಲವೂ ಈ ಗೆಲುವಿನ ಅಸ್ತಿವಾರವೆಂದರೆ ಅತಿಶಯೋಕ್ತಿಯಾಗದು. ಸೋತು ಕಲಿಯುವುದಕ್ಕೂ ಮತ್ತೆ ಮತ್ತೆ ಆಡುವ ಅವಕಾಶ ಬೇಕು.

ಪ್ರೇಕ್ಷಕರ ವಿಷಯವೂ ಹೀಗೆಯೇ. ಬಹುಕಾಲ ಈ ಪಂದ್ಯಾವಳಿ ಪುರುಷರ ಪಂದ್ಯಾವಳಿಯ ದಿನಗಳಲ್ಲಿಯೇ, ಅದರ ನೆರಳಿನಲ್ಲಿ ನಡೆಯುತ್ತಿದ್ದಿತು. 2021ರಲ್ಲಿ ಅದಕ್ಕೆ ಏಪ್ರಿಲ್ ತಿಂಗಳಿನಲ್ಲಿ ಪ್ರತ್ಯೇಕವಾದ ಕಾಲವನ್ನು ಗೊತ್ತುಮಾಡಲಾಯಿತು. 2023ರ ಏಪ್ರಿಲ್ 29ರಂದು ಲಂಡನ್ನಿನ ಟ್ವಿಕನ್‌ಹ್ಯಾಮ್ ಮೈದಾನದಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ತಂಡಗಳ ಪಂದ್ಯವನ್ನು 58,498 ಮಂದಿ ನೋಡಿದರು. ಇಂಗ್ಲೆಂಡ್ 38–33ರಿಂದ ಗೆದ್ದಿತು. ಅಂದಿಗೆ ಅದು ಮಹಿಳಾ ರಗ್ಬಿಯಲ್ಲಿ ವಿಶ್ವದಾಖಲೆ. 2025ರ ಸೆಪ್ಟೆಂಬರಿನಲ್ಲಿ ಅದೇ ಮೈದಾನದಲ್ಲಿ ನಡೆದ ವಿಶ್ವಕಪ್ಪಿನ ಕಡೆಯ ಪಂದ್ಯಕ್ಕೆ 81,885 ಮಂದಿ ಬಂದರು. ಇಂಗ್ಲೆಂಡ್ ಕೆನಡವನ್ನು 33–13ರಿಂದ ಸೋಲಿಸಿತು. ಮೂವತ್ತನಾಲ್ಕು ವರ್ಷಗಳ ಹಿಂದೆ ಮನ್ನಣೆಯಿಲ್ಲದೆ ವಿಶ್ವಕಪ್ಪನ್ನು ನಡೆಸಿದ ನಾಲ್ವರಲ್ಲೊಬ್ಬರಾದ ಡೆಬೊರಾ ಗ್ರಿಫಿನ್ ಅವರು ಅದೇ 2025ರಲ್ಲಿ ಇಂಗ್ಲೆಂಡಿನ ರಗ್ಬಿ ಸಂಸ್ಥೆಯ ಅಧ್ಯಕ್ಷಸ್ಥಾನವನ್ನು ಅಲಂಕರಿಸಿದ ಪ್ರಥಮ ಮಹಿಳೆಯಾದರು.

ಆದರೆ ಗುಣಪಕ್ಷವನ್ನು ಮಾತ್ರ ಹೇಳಿ ದೋಷಪಕ್ಷವನ್ನು ಮರೆಮಾಡುವುದು ಚರಿತ್ರಕಾರನಿಗೆ ತಕ್ಕುದಲ್ಲ. ಇಂಗ್ಲೆಂಡ್ ತಂಡ 2006ರಿಂದ 2012ರ ವರೆಗೆ ಸತತವಾಗಿ ಏಳು ಸಲ, ಮತ್ತೆ 2019ರಿಂದ 2025ರ ವರೆಗೆ ಸತತವಾಗಿ ಏಳು ಸಲ ಪ್ರಶಸ್ತಿಯನ್ನು ಪಡೆದಿದೆ. 2019ರ ಆದಿಯಲ್ಲಿ ಇಂಗ್ಲೆಂಡಿನ ಸಂಸ್ಥೆ 28 ಆಟಗಾರ್ತಿಯರನ್ನು ಪೂರ್ಣಕಾಲದ ವೇತನದ ಮೇಲೆ ನೇಮಿಸಿಕೊಂಡಿತೆಂಬುದನ್ನು ಇದರೊಡನೆ ಸೇರಿಸಿ ನೋಡಬೇಕು. ಪಂದ್ಯಾವಳಿ ನಿಯತವಾಗಿದ್ದರೂ ಧನಬಲದ ವ್ಯತ್ಯಾಸ ಅಳಿಯುವುದಿಲ್ಲ. ಆದರೂ 2025ರ ಕಡೆಯ ಪಂದ್ಯದಲ್ಲಿ ಇಂಗ್ಲೆಂಡ್ ಫ್ರಾನ್ಸನ್ನು ಗೆದ್ದುದು 43–42ರಿಂದ, ಎಂದರೆ ಒಂದೇ ಅಂಕದಿಂದ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. 2007ರಲ್ಲಿ ಸ್ಪೇನನ್ನು ಬಿಟ್ಟು ಇಟಲಿಯನ್ನು ಸೇರಿಸಿಕೊಂಡರು. ಪುರುಷರ ಪಂದ್ಯಾವಳಿಯಲ್ಲಿರುವ ಆರು ನಾಡುಗಳೇ ಮಹಿಳೆಯರಲ್ಲಿಯೂ ಇರಬೇಕೆಂಬುದು ಇದಕ್ಕೆ ಕಾರಣ. ಮಹಿಳೆಯರು ತಮ್ಮ ಶಕ್ತಿಯಿಂದ ಬರೆದುಕೊಂಡಿದ್ದ ನಕ್ಷೆಯನ್ನು ಅಳಿಸಿ ಅದರ ಮೇಲೆ ಪುರುಷರ ನಕ್ಷೆಯನ್ನು ಬರೆದಂತಾಯಿತು. ದೊಡ್ಡ ಸಂಸ್ಥೆಯ ಆಶ್ರಯದಿಂದ ದೊರೆಯುವ ಲಾಭದೊಡನೆ ಇಂತಹ ನಷ್ಟವೂ ಸಂಭವಿಸಬಹುದೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಭಾಗದಲ್ಲಿ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ.

5

ಇನ್ನು ನಮ್ಮ ನಗರದ ವಿಚಾರ. ಭಾರತದ ಮಹಿಳೆಯರ ರಗ್ಬಿ ತಂಡ ಹದಿನೈದು ಮಂದಿಯ ಆಟದಲ್ಲಿ ಅಂತರರಾಷ್ಟ್ರೀಯ ಕಣಕ್ಕಿಳಿದುದು 2018ರಲ್ಲಿ, ಸಿಂಗಪುರದಲ್ಲಿ. ಪ್ರಥಮ ವಿಜಯ 2019ರ ಜೂನ್ ತಿಂಗಳಿನಲ್ಲಿ ಮನಿಲದಲ್ಲಿ, ಸಿಂಗಪುರದ ಮೇಲೆ 21–19ರಿಂದ. ಇದು ಇನ್ನೂ ಬಾಲ್ಯಾವಸ್ಥೆಯ ಚರಿತ್ರೆ. ಆದುದರಿಂದ ಹೋಲಿಕೆಗೆ ಅರ್ಧ ಶತಮಾನದ ಹಿನ್ನೆಲೆಯುಳ್ಳ ಮಹಿಳಾ ಕ್ರಿಕೆಟ್ಟನ್ನು ಆರಿಸಿಕೊಂಡಿದ್ದೇವೆ.

ಭಾರತದ ಮಹಿಳಾ ಕ್ರಿಕೆಟ್ ಸಂಘ 1973ರಲ್ಲಿ ಲಖನೌದಲ್ಲಿ ಸ್ಥಾಪಿತವಾಯಿತು. ಅದೇ ವರ್ಷ ಪುಣೆಯಲ್ಲಿ ಮೂರು ತಂಡಗಳಿಂದ ಆರಂಭವಾದ ರಾಷ್ಟ್ರೀಯ ಪಂದ್ಯಾವಳಿ ಬೇಗನೆ ಬೆಳೆಯಿತು. ಮೂರೇ ವರ್ಷಗಳಲ್ಲಿ ವೆಸ್ಟ್ ಇಂಡೀಸ್ ತಂಡ ಭಾರತಕ್ಕೆ ಬಂದಿತು. 1976ರ ಅಕ್ಟೋಬರ್ 31ರಿಂದ ನವೆಂಬರ್ 2ರ ವರೆಗೆ, ಈಗ ಚಿನ್ನಸ್ವಾಮಿ ಕ್ರೀಡಾಂಗಣವೆಂದು ಹೆಸರಾಗಿರುವ ಮೈದಾನದಲ್ಲಿ, ಭಾರತದ ಮಹಿಳೆಯರ ಮೊದಲ ಟೆಸ್ಟ್ ಪಂದ್ಯ ನಡೆಯಿತು. ಅದೇ ಮೈದಾನದಲ್ಲಿ ಪುರುಷರ ಮೊದಲ ಟೆಸ್ಟ್ ನಡೆದುದು 1974ರ ನವೆಂಬರಿನಲ್ಲಿ. ಎರಡಕ್ಕೂ ನಡುವೆ ಎರಡು ವರ್ಷಗಳ ಅಂತರವೂ ಇಲ್ಲ! ಬೆಂಗಳೂರು ಈ ವಿಷಯದಲ್ಲಿ ಮಹಿಳೆಯರನ್ನು ಹೆಚ್ಚು ಕಾಲ ಕಾಯಿಸಲಿಲ್ಲವೆನ್ನಬೇಕು.

ಭಾರತ ತಂಡದ ನಾಯಕಿ ಕರ್ಣಾಟಕದ ಶಾಂತಾ ರಂಗಸ್ವಾಮಿ ಅವರು. ಬೆಂಗಳೂರಿನ ಪಂದ್ಯ ಸಮವಾಯಿತು. ನವೆಂಬರ್ ತಿಂಗಳಿನಲ್ಲಿಯೇ ಪಟ್ನಾದಲ್ಲಿ ಭಾರತ 5 ವಿಕೆಟ್ಟುಗಳಿಂದ ತನ್ನ ಮೊದಲ ಟೆಸ್ಟ್ ವಿಜಯವನ್ನು ಪಡೆಯಿತು. ಆರು ಪಂದ್ಯಗಳ ಆ ಸರಣಿ 1–1ರಲ್ಲಿ ಸಮವಾಗಿ ಮುಗಿಯಿತು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಶಾಂತಾ ಅವರು 108 ಓಟಗಳನ್ನು ಗಳಿಸಿದರು. ಭಾರತದ ಮಹಿಳೆಯೊಬ್ಬಳು ಟೆಸ್ಟಿನಲ್ಲಿ ಗಳಿಸಿದ ಮೊದಲ ಶತಕ ಅದು. ಅರ್ಜುನ ಪ್ರಶಸ್ತಿಯನ್ನು ಪಡೆದ ಮೊದಲ ಮಹಿಳಾ ಕ್ರಿಕೆಟ್ ಪಟು ಎಂಬ ಗೌರವವೂ ಅವರಿಗೆ ಸಂದಿತು. ಆ ಪೀಳಿಗೆಯವರು ಹಾಸಿಗೆಯನ್ನು ಹೊತ್ತು, ರೈಲಿನ ಕಾಯ್ದಿರಿಸದ ಡಬ್ಬಿಗಳಲ್ಲಿ ಪ್ರಯಾಣಮಾಡಿ, ವಿದ್ಯಾರ್ಥಿನಿಲಯಗಳಂತಹ ಸ್ಥಳಗಳಲ್ಲಿ ಮಲಗಿ, ಇದ್ದ ಕೆಲವೇ ಬ್ಯಾಟುಗಳನ್ನು ಹಂಚಿಕೊಂಡು ಆಡಿದುದನ್ನು ಅವರೇ ಹೇಳಿಕೊಂಡಿದ್ದಾರೆ.

ಇಷ್ಟು ಶುಭವಾಗಿ ಆರಂಭವಾದುದು ಮುಂದೆ ಏನಾಯಿತು? 1977ರ ಜನವರಿಯ ನಂತರ ಭಾರತದ ಮಹಿಳೆಯರು ಮತ್ತೆ ಟೆಸ್ಟ್ ಆಡಿದುದು 1984ರಲ್ಲಿ. ಏಳು ವರ್ಷಗಳು! ಇಪ್ಪತ್ತರ ಪ್ರಾಯದ ಆಟಗಾರ್ತಿಗೆ ಏಳು ವರ್ಷವೆಂದರೆ ಯೌವನದ ಬಹುಭಾಗ. 2006ರಲ್ಲಿ ಮಹಿಳಾ ಸಂಘ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಲಿಯಲ್ಲಿ ವಿಲೀನವಾಯಿತು. ಶ್ರೀಮಂತವಾದ ಮಂಡಲಿಯ ಆಶ್ರಯದಿಂದ ಪಂದ್ಯಗಳು ಹೆಚ್ಚಬೇಕಾಗಿದ್ದಿತೆಂದು ಯಾರಾದರೂ ಊಹಿಸಬಹುದು. ಆದರೆ 2006ರಲ್ಲಿ ಇಂಗ್ಲೆಂಡಿನಲ್ಲಿ ಆಡಿದ ಟೆಸ್ಟಿನ ನಂತರ ಮುಂದಿನ ಟೆಸ್ಟ್ ನಡೆದುದು ಎಂಟು ವರ್ಷಗಳ ಮೇಲೆ, 2014ರ ಆಗಸ್ಟಿನಲ್ಲಿ. ಆ ವರ್ಷದ ನವೆಂಬರಿನಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಭಾರತ ದಕ್ಷಿಣ ಆಫ್ರಿಕವನ್ನು ಒಂದು ಇನಿಂಗ್ಸ್ ಮತ್ತು 34 ಓಟಗಳಿಂದ ಸೋಲಿಸಿತು. ತಿರುಷ್ ಕಾಮಿನಿ 192 ಓಟಗಳನ್ನು ಗಳಿಸಿದರು. ಇಂತಹ ವಿಜಯದ ಮರುವರ್ಷ ಏನು ನಡೆಯಿತು? ಏನೂ ಇಲ್ಲ. ಮುಂದಿನ ಟೆಸ್ಟ್ 2021ರ ಜೂನಿನಲ್ಲಿ. 2002ರಲ್ಲಿ ಟೆಸ್ಟ್ ಕ್ಷೇತ್ರವನ್ನು ಪ್ರವೇಶಿಸಿದ ಮಿತಾಲಿ ರಾಜ್ ಅವರಿಗೆ 2021ರ ವರೆಗಿನ ಹತ್ತೊಂಬತ್ತು ವರ್ಷಗಳಲ್ಲಿ ದೊರೆತ ಟೆಸ್ಟುಗಳು 12 ಮಾತ್ರ. ಒಂದು ದಿನದ ಪಂದ್ಯಗಳು ಆ ನಡುವೆ ನಡೆಯುತ್ತಲೇ ಇದ್ದುವೆಂಬುದು ನಿಜ. ಆದರೆ ಅವುಗಳಿಗೂ ವರ್ಷವರ್ಷದ ನಿಶ್ಚಿತವಾದ ಕಾಲವೆಂಬುದಿರಲಿಲ್ಲ.

ಎರಡು ನಿದರ್ಶನಗಳನ್ನು ಜೊತೆಯಲ್ಲಿಟ್ಟು ನೋಡಿದರೆ ನಮ್ಮ ವಾದ ಸ್ಪಷ್ಟವಾಗುತ್ತದೆ. 1996ರಲ್ಲಿ ಬ್ರಿಟನ್ನಿನ ಮತ್ತು ಐರ್ಲೆಂಡಿನ ಮಹಿಳೆಯರ ಬಳಿ ಹಣವಿರಲಿಲ್ಲ, ಆದರೆ ಪಂಚಾಂಗವಿದ್ದಿತು. 2006ರ ನಂತರ ಭಾರತದ ಮಹಿಳೆಯರಿಗೆ ಹಣವುಳ್ಳ ಆಶ್ರಯ ದೊರೆಯಿತು, ಆದರೆ ಟೆಸ್ಟ್ ಪಂದ್ಯಗಳಿಗೆ ಪಂಚಾಂಗ ದೊರೆಯಲಿಲ್ಲ. ಪಂಚಾಂಗವಿದ್ದ ಕಡೆ ಹಣ ತಡವಾಗಿಯಾದರೂ ಹಿಂಬಾಲಿಸಿತು. ಹಣವಿದ್ದ ಕಡೆ ಪಂಚಾಂಗ ತಾನಾಗಿ ಹಿಂಬಾಲಿಸಲಿಲ್ಲ.

ಈಚಿನ ವರ್ಷಗಳಲ್ಲಿ ಪರಿಸ್ಥಿತಿ ಸುಧಾರಿಸಿದೆ. 2022ರ ಅಕ್ಟೋಬರಿನಲ್ಲಿ ಮಂಡಲಿಯು ಮಹಿಳೆಯರಿಗೂ ಪುರುಷರಿಗೂ ಪಂದ್ಯದ ಸಂಭಾವನೆಯನ್ನು ಸಮನಾಗಿಸಿತು. 2023ರಲ್ಲಿ ಅನೇಕ ದೇಶಗಳ ಆಟಗಾರ್ತಿಯರು ಭಾಗವಹಿಸುವ ಮಹಿಳಾ ಪ್ರೀಮಿಯರ್ ಲೀಗ್ ಎಂಬ ವಾರ್ಷಿಕ ಪಂದ್ಯಾವಳಿ ಐದು ತಂಡಗಳಿಂದ ಮುಂಬಯಿಯಲ್ಲಿ ಆರಂಭವಾಯಿತು. ಎರಡನೆಯ ವರ್ಷ, 2024ರ ಫೆಬ್ರವರಿ 23ರಂದು, ಅದು ಬೆಂಗಳೂರಿಗೆ ಬಂದಿತು. ಆ ಸಲ ಬೆಂಗಳೂರಿನ ಹೆಸರನ್ನು ಹೊತ್ತ ತಂಡವೇ ಪ್ರಶಸ್ತಿಯನ್ನು ಗಳಿಸಿತು. ಅದೇ ವರ್ಷದ ಜೂನ್ 19ರಂದು ಇಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಗಳ ನಡುವೆ ನಡೆದ ಒಂದು ದಿನದ ಪಂದ್ಯದಲ್ಲಿ ಸ್ಮೃತಿ ಮಂಧಾನಾ, ಹರ್ಮನ್‌ಪ್ರೀತ್ ಕೌರ್, ಲಾರಾ ವೋಲ್ವಾರ್ಟ್, ಮರಿಜಾನ್ ಕಾಪ್ ಎಂಬ ನಾಲ್ವರು ಶತಕಗಳನ್ನು ಬಾರಿಸಿದರು. ಮಹಿಳೆಯರ ಒಂದು ದಿನದ ಪಂದ್ಯವೊಂದರಲ್ಲಿ ನಾಲ್ಕು ಶತಕಗಳು ಬಂದುದು ಅದೇ ಮೊದಲು. ಭಾರತ 4 ಓಟಗಳಿಂದ ಗೆದ್ದಿತು.

ಮರುವರ್ಷ ನಗರಕ್ಕೆ ದುರಂತವೊದಗಿತು. 2025ರ ಜೂನ್ 4ರಂದು ಪುರುಷರ ತಂಡವೊಂದರ ವಿಜಯೋತ್ಸವದ ಸಮಯದಲ್ಲಿ ಅದೇ ಕ್ರೀಡಾಂಗಣದ ದ್ವಾರಗಳ ಬಳಿ ನೂಕುನುಗ್ಗಲಾಗಿ ಹನ್ನೊಂದು ಮಂದಿ ಮಡಿದರು. ಆ ಪ್ರಾಣಗಳ ಮುಂದೆ ಆಟದ ಮಾತು ಅಲ್ಪವೇ ಸರಿ. ಆದರೂ ಚರಿತ್ರೆಗಾಗಿ ಒಂದನ್ನು ದಾಖಲಿಸಬೇಕು: ಆ ವರ್ಷದ ಮಹಿಳಾ ವಿಶ್ವಕಪ್ಪಿನ ಆರಂಭದ ಪಂದ್ಯ ಬೆಂಗಳೂರಿನಲ್ಲಿ ನಡೆಯಬೇಕೆಂದು ಗೊತ್ತಾಗಿದ್ದಿತು, ನಗರದ ಪಂದ್ಯಗಳೆಲ್ಲವೂ ಬೇರೆಡೆಗೆ ಹೋದುವು. ಭಾರತದ ಮಹಿಳೆಯರು ಮೊದಲ ಟೆಸ್ಟನ್ನು ಆಡಿದ ಊರು, ಅವರು 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕವನ್ನು 52 ಓಟಗಳಿಂದ ಸೋಲಿಸಿ ಮೊದಲ ವಿಶ್ವಕಪ್ಪನ್ನು ಗೆದ್ದುದನ್ನು ದೂರದಿಂದ ನೋಡಬೇಕಾಯಿತು. 1976ರ ಮೊದಲ ಟೆಸ್ಟ್ ಮುಗಿದುದೂ ನವೆಂಬರ್ 2ರಂದೇ ಎಂಬುದನ್ನು ವಾಚಕರು ಗಮನಿಸಿರಬಹುದು. ನಡುವೆ ಸರಿಯಾಗಿ ನಲವತ್ತೊಂಬತ್ತು ವರ್ಷಗಳು.

6

ವಿದ್ಯಾರ್ಥಿನಿಯ ಪ್ರಶ್ನೆಗೆ ಹಿಂದಿರುಗೋಣ. ದೊಡ್ಡ ಪಂದ್ಯದ ಅಂಕಿಗಳು ಉಳಿದುಕೊಳ್ಳುತ್ತವೆ. ಅದಕ್ಕೆ ಹಿಂದಿನ ಸಾವಿರ ಸಣ್ಣ ಪಂದ್ಯಗಳು ಏನಾದುವು? ಇದನ್ನು ತಿಳಿಯುವ ಸಲುವಾಗಿ ನಾವು ದಕ್ಷಿಣ ಬೆಂಗಳೂರಿನ ಹಳೆಯ ಕಾಲೇಜೊಂದರ ಕ್ರೀಡಾವಿಭಾಗಕ್ಕೆ ಹೋದೆವು. ಹುಡುಗರ ಪಂದ್ಯಗಳ ಪುಸ್ತಕಗಳು ರಟ್ಟು ಕಟ್ಟಿ, ಇಸವಿ ಬರೆದು, ಕಪಾಟಿನಲ್ಲಿ ಸಾಲಾಗಿದ್ದುವು. ಹುಡುಗಿಯರದೆಂದು ದೊರೆತುದು ಒಂದೇ ಒಂದು ಚಿತ್ರಪಟ. ಹನ್ನೆರಡು ಮಂದಿ ಹುಡುಗಿಯರು. ಮುಂದಿನ ಸಾಲಿನವರ ಕೈಯಲ್ಲಿ ಎರಡು ಬ್ಯಾಟುಗಳು. ಒಬ್ಬಳ ತೊಡೆಯ ಮೇಲೆ ಒಂದು ಸಣ್ಣ ಬಟ್ಟಲು. ಏನನ್ನೋ ಗೆದ್ದಿದ್ದಾರೆ. ಚೌಕಟ್ಟಿನ ಹಿಂದೆ ತಿರುಗಿಸಿ ನೋಡಿದೆವು: ಹೆಸರಿಲ್ಲ, ಇಸವಿಯಿಲ್ಲ. ಅಲ್ಲಿನ ನೌಕರರು, “ಹಳೆಯದು ಸ್ವಾಮಿ, ಯಾರೂ ಕೇಳಿರಲಿಲ್ಲ” ಎಂದರು. ಅವರದೇನೂ ತಪ್ಪಿಲ್ಲ. ಕೇಳಬೇಕಾಗಿದ್ದವರು ನಾವು.

ವರ್ಷವರ್ಷವೂ ನಡೆಯುವ ಪಂದ್ಯಾವಳಿಗೆ ದಾಖಲೆಯ ಪುಸ್ತಕ ಬೇಕಾಗುತ್ತದೆ. ಹಿಂದಿನ ವರ್ಷ ಯಾರು ಗೆದ್ದರೆಂದು ನೋಡಲೇಬೇಕಾಗುತ್ತದೆ. ಎಂದೋ ಒಮ್ಮೆ ನಡೆಯುವ ಪಂದ್ಯಕ್ಕೆ ಒಂದು ಚಿತ್ರ ಸಾಕು. ಆ ಹನ್ನೆರಡು ಮಂದಿಯ ಹೆಸರುಗಳು ಅಳಿದುದಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ. ಮರುವರ್ಷ ಅವನ್ನು ಕೇಳುವ ಸಂದರ್ಭವೇ ಬರಲಿಲ್ಲವೆಂಬುದೇ ಕಾರಣವಿರಬೇಕು. ಆವರ್ತನೆಯಿಲ್ಲದ ಕಡೆ ದಾಖಲೆ ಹುಟ್ಟುವುದಿಲ್ಲ. ದಾಖಲೆಯಿಲ್ಲದ ಕಡೆ ಚರಿತ್ರೆ ಹುಟ್ಟುವುದಿಲ್ಲ. ಚರಿತ್ರೆಯಿಲ್ಲದ ಕಡೆ ಪ್ರತಿ ಪೀಳಿಗೆಯ ಹುಡುಗಿಯೂ ತಾನೇ ಮೊದಲಿಗಳೆಂದು ಭಾವಿಸಿ, ಹಿಂದಿನವರು ಆಗಲೇ ಗೆದ್ದ ವಾದವನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಕಾಲ ಬಹಳವಿಲ್ಲವೆಂಬುದನ್ನೂ ಹೇಳಬೇಕು. 1970ರ ದಶಕದಲ್ಲಿ ಆಡಿದವರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲಿ ಕೆಲವರು ಜಯನಗರದಲ್ಲಿಯೋ ಬನಶಂಕರಿಯಲ್ಲಿಯೋ ನಮ್ಮ ನಡುವೆಯೇ ಇದ್ದು, ಬೆಳಗಿನ ಹೊತ್ತು ನಮ್ಮ ಪಕ್ಕದಲ್ಲಿಯೇ ನಡೆದುಹೋಗುತ್ತಿರಬಹುದು. ಪ್ರತಿಯೊಂದು ಕಾಲೇಜಿನ ಚರಿತ್ರೆಯ ವಿಭಾಗವೂ ತನ್ನ ಸಂಸ್ಥೆಯಲ್ಲಿ ಆಡಿದ ಹಳೆಯ ವಿದ್ಯಾರ್ಥಿನಿಯರನ್ನು ಹುಡುಕಿ, ಅವರ ಮಾತುಗಳನ್ನು ಬರೆದುಕೊಳ್ಳುವುದು ಅಸಾಧ್ಯವಾದ ಕಾರ್ಯವಲ್ಲ. ಹಳೆಯ ಪತ್ರಿಕೆಗಳ ಕ್ರೀಡಾಪುಟಗಳನ್ನು ತಿರುವಿ ಹೆಸರುಗಳನ್ನು ಪಟ್ಟಿಮಾಡುವ ಕೆಲಸವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಪ್ಪಿಸಬಹುದು. ಇದಕ್ಕಿಂತ ಸಣ್ಣದಾದ, ಆದರೆ ಹೆಚ್ಚು ಫಲಕಾರಿಯಾದ ಮತ್ತೊಂದು ಸಲಹೆಯುಂಟು: ನಮ್ಮ ಭಾಗದ ನಾಲ್ಕಾರು ಕಾಲೇಜುಗಳು ಸೇರಿ, ವರ್ಷದ ಒಂದು ನಿಶ್ಚಿತವಾದ ವಾರದಲ್ಲಿ, ಹುಡುಗಿಯರಿಗಾಗಿ ಒಂದು ಪಂದ್ಯಾವಳಿಯನ್ನು ಗೊತ್ತುಮಾಡಬೇಕು. ಅದು ರಗ್ಬಿಯಾಗಲಿ, ಕ್ರಿಕೆಟ್ಟಾಗಲಿ, ಖೋಖೋ ಆಗಲಿ, ಚಿಂತೆಯಿಲ್ಲ. ಬಹುಮಾನ ಚಿಕ್ಕದಾಗಿರಲಿ, ಪ್ರೇಕ್ಷಕರು ಹತ್ತೇ ಮಂದಿಯಿರಲಿ. ಆದರೆ ವಾರ ತಪ್ಪಕೂಡದು. ಜೊತೆಯಲ್ಲಿ ಒಂದು ಗಟ್ಟಿ ರಟ್ಟಿನ ಪುಸ್ತಕವಿರಲಿ. ಗೆದ್ದವರ ಹೆಸರಿನೊಡನೆ ಸೋತವರ ಹೆಸರನ್ನೂ ಅದರಲ್ಲಿ ಬರೆಯಲಿ.

ಆ ಚಿತ್ರಪಟವನ್ನು ನಾವು ನಮ್ಮ ತರಗತಿಗೆ ಎರವಲು ತಂದು ತೋರಿಸಿದೆವು. ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಬಹಳ ಹೊತ್ತು ಅದನ್ನು ನೋಡಿ, ಹಿಂದಿನ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವರನ್ನು ತಮ್ಮ ಬೀದಿಯ ಅಜ್ಜಿಯೊಬ್ಬರಿಗೆ ತೋರಿಸಿ ಕೇಳುವೆನೆಂದು ಹೇಳಿ, ಒಂದು ಪ್ರತಿಯನ್ನು ತೆಗೆದುಕೊಂಡು ಹೋಗಿದ್ದಾಳೆ. ಉತ್ತರ ಬಂದರೆ ಮುಂದಿನ ವರ್ಷದ ಸಂಚಿಕೆಯಲ್ಲಿ ತಿಳಿಸುತ್ತೇವೆ.